ಜೂವಾ ನಿನಗೇನಾಗಬೇಕು

ಕೋಳಿಗಳನ್ನು ಜೀವಂತ ನೇತುಹಾಕುವ ಕೆಲಸ ನನ್ನದಾಗಿತ್ತು. ಹದಿನೈದು ವರ್ಷ ಅದನ್ನೇ ಮಾಡಿದೆ. ಲಾರಿಯಿಂದ ಗೂಡುಗಳು ಇಳಿಯುತ್ತವೆ. ಕೋಳಿ ಹೆದರಬಾರದೆಂದು ಕೋಣೆಯಲ್ಲಿ ನೀಲಿ ದೀಪ ಮಾತ್ರ ಇಡುತ್ತಾರೆ. ನಾವು ಹೆದರಿದರೆ ನಡೆಯುತ್ತದೆ. ಎರಡೂ ಕಾಲು ಹಿಡಿದು ಎತ್ತಬೇಕು, ತಲೆಯ ಮೇಲೆ ಓಡುವ ಸರಪಳಿಯ ಕೊಕ್ಕೆಗೆ ಸಿಕ್ಕಿಸಬೇಕು. ನಿಮಿಷಕ್ಕೆ ಇಪ್ಪತ್ತಮೂರು. ಅದು ಒದೆಯುತ್ತದೆ. ಉಗುರಿನಿಂದ ಮುಂಗೈ ಬಗಿಯುತ್ತದೆ. ಮುಖದ ಮೇಲೆ ಹಿಕ್ಕೆ ಹಾಕುತ್ತದೆ. ಬಾಯಿ ತೆರೆದಿದ್ದರೆ ಬಾಯಿಗೇ ಬೀಳುತ್ತದೆ.

ಅಮೆರಿಕದ ಪೌರತ್ವದ ಪರೀಕ್ಷೆಗೆ ನಾನು ಓದಿದ್ದು ಆ ಕೋಣೆಯಲ್ಲಿ. ಓದಿದ್ದು ಅಂದರೆ ಕೇಳಿದ್ದು. ನನಗೆ ಓದು ಬರುವುದಿಲ್ಲ. ಪಕ್ಕದಲ್ಲಿ ಚೊಂಗ್ ನಿಲ್ಲುತ್ತಿದ್ದ. ಲಾವೋಸಿನ ಬೆಟ್ಟದ ನಮ್ಮ ಹ್ಮೋಂಗ್ ಜನದ ಹುಡುಗ, ಹಿಂದಿನ ವರ್ಷವೇ ಪಾಸಾಗಿದ್ದವನು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಗಿ ಕೂಗಿ ಪಾಠ ಹೇಳುತ್ತಿದ್ದ.

"ಮಾವ, ಅಧ್ಯಕ್ಷ ಸತ್ರೆ ಯಾರು?"

"ಉಪಾಧ್ಯಕ್ಷ."

"ಅವನೂ ಸತ್ರೆ?"

"ಸಭೆಯ ಸ್ಪೀಕರು."

"ಅವನೂ ಸತ್ರೆ?"

"ಅದು ಪುಸ್ತಕದಲ್ಲಿ ಇಲ್ವಲ್ಲೋ."

"ಯಾರಾದ್ರೂ ಆಗ್ಲಿ ಮಾವ, ನಾವಂತೂ ಅಲ್ಲ. ನೀನು ಕೋಳಿ ಹಿಡಿ."

ಮೇಸ್ತ್ರಿ ಡೇಲ್ ಇದನ್ನು ನೋಡುತ್ತಿದ್ದ. ಊಟದ ಹೊತ್ತಿನಲ್ಲಿ ರೇಡಿಯೊ ಹಚ್ಚುತ್ತಿದ್ದ. ಆಗ ಅದರಲ್ಲಿ ದಿನವೂ ಒಂದೇ ಚರ್ಚೆ. ಹೊರಗಿನವರಿಗೆ ಪರೀಕ್ಷೆ ಇನ್ನೂ ಕಠಿಣ ಮಾಡಬೇಕೇ, ಬೇಡವೇ. ಡೇಲ್ ಮಾಂಸದ ತುಂಡು ಅಗಿಯುತ್ತ ಹೇಳಿದ: "ಮಾಡ್ಬೇಕು. ಈ ದೇಶ ಏನು ಅಂತ ಗೊತ್ತಿಲ್ಲದೋರು ಇಲ್ಲಿರಬಾರದು."

ಚೊಂಗ್ ಸುಮ್ಮನಿರುವ ಹುಡುಗನಲ್ಲ. "ದೊಡ್ಡ ಕೋರ್ಟಲ್ಲಿ ಜಡ್ಜುಗಳು ಎಷ್ಟು ಜನ, ಹೇಳು ನೋಡೋಣ" ಎಂದ.

"ಹನ್ನೆರಡು."

"ಒಂಬತ್ತು. ನೀನು ಫೇಲು. ಗಂಟು ಕಟ್ಟು."

ಎಲ್ಲರೂ ನಕ್ಕರು. ಬಿಳಿಯರೂ ನಕ್ಕರು. ಡೇಲ್ ಕೂಡ ನಕ್ಕ. ಊಟ ಮುಗಿಸಿ ಹೋಗಿ ಸರಪಳಿಯ ವೇಗ ಹೆಚ್ಚಿಸಿದ. ನಿಮಿಷಕ್ಕೆ ಮೂವತ್ತು. ಎರಡು ಗಂಟೆ ಹಾಗೇ ಓಡಿಸಿದ. ನನ್ನ ಎಡಗೈ ಕೊಕ್ಕೆಗೆ ಸಿಕ್ಕಿತು. ಕೋಳಿಯ ಜೊತೆ ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಉಂಗುರ ಬೆರಳಿನ ಉಗುರು ಅಲ್ಲೇ ಉಳಿಯಿತು. ಡೇಲ್ ಒಂದು ಪಟ್ಟಿ ಕೊಟ್ಟ. "ಒಂಬತ್ತು ಬೆರಳು ಸಾಕಲ್ಲ, ನಿಮ್ಮ ಜಡ್ಜುಗಳ ಹಾಗೆ" ಎಂದ.

ಪಟ್ಟಿ ಕಟ್ಟಿಕೊಂಡು ಮತ್ತೆ ಸರಪಳಿಗೆ ನಿಂತೆ. ಪರೀಕ್ಷೆ ಮುಗಿಯುವ ತನಕ ಯಾರ ಜೊತೆಗೂ ಜಗಳ ಬೇಡವೆಂದು ತೀರ್ಮಾನಿಸಿದ್ದೆ. ನನ್ನ ಮಗ ಫೆಂಗ್‌ಗೆ ಆಗ ಹದಿನೇಳು. ಅವನಿಗೆ ಹದಿನೆಂಟು ತುಂಬುವ ಮೊದಲು ನಾನು ಪೌರನಾದರೆ ಅವನೂ ತಾನಾಗಿ ಪೌರನಾಗುತ್ತಾನೆ. ಪರೀಕ್ಷೆಯಿಲ್ಲ, ಪ್ರಶ್ನೆಯಿಲ್ಲ. ಹದಿನೆಂಟು ತುಂಬಿತೋ, ಬಾಗಿಲು ಮುಚ್ಚಿತು. ಹಾಗೆಂದು ಕಾನೂನು. ಮಗಳು ಪಾಕೂ ತಿಳಿದುಕೊಂಡು ಬಂದು ಹೇಳಿದ್ದಳು. ಜನವರಿ ಹದಿನಾಲ್ಕಕ್ಕೆ ಅವನಿಗೆ ಹದಿನೆಂಟು. ನನ್ನನ್ನು ಕರೆದದ್ದು ಅಕ್ಟೋಬರಿನಲ್ಲಿ.

ಇನ್ನು ಜೂವಾಳ ವಿಷಯ ಹೇಳಬೇಕು.

ಜೂವಾ ನನ್ನ ಅತ್ತಿಗೆ. ಅಣ್ಣ ತೋಂಗನ ಹೆಂಡತಿ. ಲಾವೋಸಿನ ಬೆಟ್ಟದಲ್ಲಿ ನಮ್ಮ ಮನೆ ಒಂದೇ, ಒಲೆ ಒಂದೇ. ಅಮೆರಿಕದವರು ಬಂದು ನಮಗೆ ಬಂದೂಕು ಕೊಟ್ಟರು, ಅಕ್ಕಿ ಕೊಟ್ಟರು, ಯಾರಿಗೂ ಹೇಳಬೇಡಿ ಅಂದರು. ನಾವು ಹೇಳಲಿಲ್ಲ. ಹದಿನಾಲ್ಕು ವರ್ಷ ಕಮ್ಯುನಿಸ್ಟರ ಮೇಲೆ ಅವರ ಯುದ್ಧ ಮಾಡಿದೆವು. ಅವರ ವಿಮಾನ ಬಿದ್ದರೆ ಪೈಲಟ್ಟನ್ನು ಹುಡುಕಿ ತರುವುದು ನಮ್ಮ ಕೆಲಸ. ಒಬ್ಬನನ್ನು ತರಲು ನಮ್ಮವರು ಹತ್ತು ಜನ ಸತ್ತರೂ ಸರಿ, ತರಬೇಕು.

ಅಂಥ ಒಬ್ಬನನ್ನು ಅಣ್ಣ ಬೆನ್ನಿಗೆ ಹೊತ್ತು ಇಳಿಜಾರಿನಲ್ಲಿ ಓಡುತ್ತಿದ್ದ. ನಾನು ಹಿಂದಿದ್ದೆ. ಗುಂಡು ಅಣ್ಣನ ಹೊಟ್ಟೆಗೆ ಬಿತ್ತು. ಅವನು ಪೈಲಟ್ಟನ್ನು ಇಳಿಸಲಿಲ್ಲ. ಒಂದು ಕೈಯಲ್ಲಿ ಕರುಳು ಒತ್ತಿ ಹಿಡಿದು ಮುನ್ನೂರು ಹೆಜ್ಜೆ ನಡೆದ. ಹೆಲಿಕಾಪ್ಟರ್ ಬಂತು. ಪೈಲಟ್ಟನ್ನು ಎಳೆದುಕೊಂಡರು. ಅಣ್ಣನನ್ನೂ ಎತ್ತಿದೆ. ಒಳಗಿದ್ದವನು ಬೂಟುಗಾಲಿನಿಂದ ನನ್ನ ಎದೆಗೆ ಒತ್ತಿ ತಳ್ಳಿದ. ಭಾರ ಹೆಚ್ಚಾಯಿತೆಂದು ಕೈಸನ್ನೆ ಮಾಡಿದ. ಮೇಲೆ ಹೋಯಿತು. ಅಣ್ಣ ಸಂಜೆಯ ತನಕ ಬದುಕಿದ್ದ. ನೀರು ಕೇಳುತ್ತಿದ್ದ. ಹೊಟ್ಟೆಗೆ ಗುಂಡು ಬಿದ್ದವನಿಗೆ ನೀರು ಕೊಡಬಾರದು. ಕೊಡಲಿಲ್ಲ. ಆಮೇಲೆ ಕೊಟ್ಟೆ. ಸತ್ತ.

ನಮ್ಮಲ್ಲಿ ಅಣ್ಣ ಸತ್ತರೆ ತಮ್ಮ ಅತ್ತಿಗೆಯನ್ನು ಕೈಬಿಡಬಾರದು. ಬಿಟ್ಟರೆ ಅವಳಿಗೆ ಒಲೆಯಿಲ್ಲ, ಮಕ್ಕಳಿಗೆ ಕುಲವಿಲ್ಲ. ನನ್ನ ಹೆಂಡತಿ ಬ್ಲಿಯಾಳೇ ಹೋಗಿ ಜೂವಾಳ ಕೈ ಹಿಡಿದು ಕರೆತಂದಳು. "ನೀನು ಈ ಮಗ್ಗುಲು ಮಲಗು, ನಾನು ಆ ಮಗ್ಗುಲು ಮಲಗ್ತೀನಿ. ಗೊರಕೆ ಮಾತ್ರ ಇಬ್ಬರೂ ಹಂಚ್ಕೊಳ್ಳೋಣ" ಎಂದಳು. ಜೂವಾ ಅತ್ತಳು, ಆಮೇಲೆ ನಕ್ಕಳು. ಹಾಗೆ ನನಗೆ ಇಬ್ಬರು ಹೆಂಡಿರು.

ಅಮೆರಿಕದವರು ಒಂದು ದಿನ ವಿಮಾನ ಹತ್ತಿ ಹೋಗಿಬಿಟ್ಟರು. ಗೆದ್ದವರು ನಮ್ಮನ್ನು ಬೇಟೆಯಾಡಿದರು. ಮೂರು ವರ್ಷ ಕಾಡಿನಲ್ಲಿ ಬೇರು ತಿಂದೆವು. ಅಣ್ಣನ ಇಬ್ಬರು ಮಕ್ಕಳು ಅಲ್ಲೇ ಹೋದವು. ಕೊನೆಗೆ ಬಿದಿರು ಕಂಕುಳಿಗೆ ಕಟ್ಟಿಕೊಂಡು ಮೆಕಾಂಗ್ ನದಿಗೆ ಇಳಿದೆವು. ಜೂವಾ ಎಂಟು ತಿಂಗಳ ಬಸುರಿ. ದಡದಿಂದ ಗುಂಡು ಹಾರಿಸಿದರು. ನೀರು ನನ್ನ ಸುತ್ತ ಬಿಸಿಯಾಯಿತು. ಜೂವಾಳ ಬೆನ್ನಿನಿಂದ ರಕ್ತ ಬರುತ್ತಿತ್ತು. ಥಾಯ್ ದಡ ಮುಟ್ಟುವ ತನಕ ಅವಳು ಕೂಗಲಿಲ್ಲ. ಕೂಗಿದ್ದರೆ ಎಲ್ಲರೂ ಸಾಯುತ್ತಿದ್ದೆವು.

ನಿರಾಶ್ರಿತರ ಕ್ಯಾಂಪಿನಲ್ಲಿ ಹೆಸರು ಬರೆಸುವ ಸಾಲಿನಲ್ಲಿ ಜನ ಹೇಳಿದರು: ಇಬ್ಬರು ಹೆಂಡಿರಿದ್ದರೆ ಅಮೆರಿಕದವರು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ನಾನು "ಜೂವಾ, ತಂಗಿ" ಎಂದು ಬರೆಸಿದೆ. ಹನ್ನೆರಡು ದಿನ ಕಳೆದು ಫೆಂಗ್ ಹುಟ್ಟಿದ. ಹೆರಿಗೆಯ ಡೇರೆಯಲ್ಲಿ ನರ್ಸು ಕೇಳಿದಳು, ತಂದೆ ಯಾರು? ತಂದೆಯ ಕುಲವಿಲ್ಲದ ಮಗುವಿಗೆ ನಮ್ಮಲ್ಲಿ ಪೂರ್ವಿಕರಿಲ್ಲ, ಸತ್ತ ಮೇಲೆ ಹೋಗಲು ಮನೆಯಿಲ್ಲ. ಆ ಸುಳ್ಳು ಮಾತ್ರ ನನ್ನಿಂದಾಗಲಿಲ್ಲ. ನನ್ನ ಹೆಸರು ಬರೆಸಿದೆ. ತಾಯಿ ಜೂವಾ, ತಂದೆ ವಾ ಚೂ. ಒಂದೇ ತಿಂಗಳಲ್ಲಿ ಎರಡು ಚೀಟಿ. ಒಂದರಲ್ಲಿ ಸುಳ್ಳು, ಒಂದರಲ್ಲಿ ನಿಜ. ಓದು ಬಾರದವನು ಎರಡನ್ನೂ ಒಂದೇ ಚೀಲದಲ್ಲಿಟ್ಟೆ.

ಜೂವಾಳ ಗಾಯ ಕೊಳೆಯಿತು. ಹೆತ್ತು ಒಂಬತ್ತನೆಯ ದಿನ ಹೋದಳು. ಪಾಕೂ ಇನ್ನೂ ಹಾಲು ಬಿಟ್ಟಿರಲಿಲ್ಲ, ಬ್ಲಿಯಾಳ ಎದೆಯಲ್ಲಿ ಹಾಲಿತ್ತು. ಫೆಂಗ್ ಅದನ್ನು ಕುಡಿದು ಬೆಳೆದ. ಇನ್ನೆರಡು ವರ್ಷ ಬಿಟ್ಟು ನಾವು ಅಮೆರಿಕದ ವಿಸ್ಕಾನ್ಸಿನ್‌ನ ಈ ಊರಿಗೆ ಬಂದೆವು.

ಪರೀಕ್ಷೆಯ ದಿನ ಪಾಕೂ ಜೊತೆಗೆ ಬಂದಳು. ವಯಸ್ಸಾದವರಿಗೆ ಅವರ ಮಾತಿನಲ್ಲೇ ಉತ್ತರ ಹೇಳಲು ಬಿಡುತ್ತಿದ್ದರು. ತರ್ಜುಮೆಗೆ ಅವಳು. ಹಿಂದಿನ ದಿನ ಹೇಳಿಕೊಟ್ಟಿದ್ದಳು: "ಅರ್ಜಿ ಓದುವಾಗ ಎಲ್ಲದಕ್ಕೂ ಇಲ್ಲ ಅನ್ನು ಅಪ್ಪ. ಕೊನೇ ಐದಕ್ಕೆ ಹೌದು ಅನ್ನು. ಮಧ್ಯೆ ಕಥೆ ಹೇಳೋಕೆ ಹೋಗ್ಬೇಡ."

ಅಧಿಕಾರಿಗೆ ಮೂವತ್ತು ಇರಬಹುದು. ಕೆಂಪು ಟೈ. ಹತ್ತು ಪ್ರಶ್ನೆ ಕೇಳಿದ. ಒಂಬತ್ತಕ್ಕೆ ಸರಿ ಹೇಳಿದೆ. ಆಮೇಲೆ ಅರ್ಜಿ ತೆಗೆದ.

"ಅಮೆರಿಕದ ಸೈನ್ಯದಲ್ಲಿ ಯಾವತ್ತಾದರೂ ಇದ್ದೆಯಾ?"

ಇಲ್ಲ ಅಂದೆ. ತೊಡೆಯಲ್ಲಿ ಅವರ ಬಾಂಬಿನದೇ ಚೂರು ಇದೆ. ಚಳಿಗಾಲದಲ್ಲಿ ಅದು ತಿರುಗುತ್ತದೆ. ಇಲ್ಲ ಅಂದೆ.

"ಒಂದೇ ಕಾಲಕ್ಕೆ ಇಬ್ಬರು ಹೆಂಡಿರಿದ್ದರಾ?"

ಇಲ್ಲ.

"ದೇಶ ಕರೆದರೆ ಬಂದೂಕು ಹಿಡಿಯುತ್ತೀಯಾ?"

ಹೌದು.

ಅವನು ಮುಚ್ಚಳ ಹಾಕಬೇಕೆಂದಿದ್ದ ಪೆನ್ನು ಮತ್ತೆ ತೆಗೆದ. ಫೈಲಿನಿಂದ ಎರಡು ಹಳೆಯ ಕಾಗದ ಎಳೆದು ಅಕ್ಕಪಕ್ಕ ಇಟ್ಟ. ಹಳದಿಯಾಗಿದ್ದವು. ಕ್ಯಾಂಪಿನ ಮೊಹರು ನನಗೆ ದೂರದಿಂದಲೇ ಗೊತ್ತಾಯಿತು.

"ಅಪ್ಪ, ಜೂವಾ ನಿನಗೇನಾಗಬೇಕು ಅಂತ ಕೇಳ್ತಿದಾರೆ."

"ತಂಗಿ."

ಅವನು ಏನೋ ಹೇಳಿದ. ತುಟಿ ಸ್ವಲ್ಪ ವಾರೆಯಾಯಿತು. ಪಾಕೂ ತರ್ಜುಮೆ ಮಾಡಲಿಲ್ಲ.

"ಏನಂತಮ್ಮ?"

"ಏನಿಲ್ಲಪ್ಪ."

ಅವನು ಮೇಜು ತಟ್ಟಿದ. ಹೇಳು ಅಂದ. ಹೇಳದಿದ್ದರೆ ನಿನ್ನನ್ನು ಹೊರಗೆ ಕಳಿಸಿ ಬೇರೆಯವರನ್ನು ಕರೆಸುತ್ತೇನೆ ಅಂದ. ಕಾರ್ಖಾನೆಯ ಇಂಗ್ಲಿಷು ನನಗೂ ಅಷ್ಟಿಷ್ಟು ತಿಳಿಯುತ್ತದೆ. ಆದರೆ ಮಗಳ ಬಾಯಿಂದ ಬರುವ ತನಕ ಅದು ಬೇರೆ ಏನೋ ಇರಬಹುದೆಂದು ಕಾದೆ. ಪಾಕೂ ನೆಲ ನೋಡಿದಳು.

"ಫೆಂಗ್‌ನ ಹೆತ್ತೋಳು ಜೂವಾ ಅಂತ ಈ ಕಾಗದದಲ್ಲಿದೆ. ಜೂವಾ ತಂಗಿ ಅಂತ ಆ ಕಾಗದದಲ್ಲಿದೆ. ಹಾಗಾದ್ರೆ ತಂಗಿ ಜೊತೆ ಮಲಗಿದ್ಯಾ ಅಂತ ಕೇಳ್ತಿದಾರೆ. ನಿಮ್ಮ ಜನರಲ್ಲಿ ಅದು ವಾಡಿಕೆನಾ ಅಂತ."

ನಮ್ಮಲ್ಲಿ ಒಂದೇ ಕುಲದ ಹುಡುಗಿಯ ಕೈ ಹಿಡಿದರೂ ಊರು ಬಿಡಿಸುತ್ತಾರೆ. ಅವಳು ಎಷ್ಟೇ ದೂರದವಳಿರಲಿ, ಕುಲದ ಹೆಸರು ಒಂದಾದರೆ ಅವಳು ತಂಗಿ. ಆ ತಪ್ಪಿಗೆ ನಮ್ಮಲ್ಲಿ ಹೆಸರು ಕೂಡ ಇಲ್ಲ. ಅದನ್ನು ನನ್ನ ಮಗಳು, ಜೂವಾಳನ್ನು ದೊಡ್ಡಮ್ಮ ಎಂದು ಕರೆದು ಅವಳ ತೊಡೆಯ ಮೇಲೆ ಮಲಗಿದವಳು, ತನ್ನ ಬಾಯಲ್ಲಿ ಹೇಳಬೇಕಾಯಿತು.

ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬರೆದವನು ತಪ್ಪಾಗಿ ಬರೆದ, ನನಗೆ ತಿಳಿಯದು ಎಂದಿದ್ದರೂ ಆಗುತ್ತಿತ್ತು. ಪಾಕೂ ಮೇಜಿನ ಕೆಳಗೆ ನನ್ನ ಮೊಣಕಾಲು ಒತ್ತುತ್ತಿದ್ದಳು. ಫೆಂಗ್‌ಗೆ ಮೂರು ತಿಂಗಳು ಉಳಿದಿತ್ತು. ಎಲ್ಲ ಗೊತ್ತಿತ್ತು ನನಗೆ.

"ಹೇಳು ಅವನಿಗೆ" ಎಂದೆ. "ಜೂವಾ ನನ್ನ ಅತ್ತಿಗೆ. ನನ್ನ ಹೆಂಡತಿ. ಹೌದು, ಇಬ್ಬರು ಹೆಂಡಿರು. ಇವರ ಪೈಲಟ್ಟನ್ನು ಹೊತ್ತು ನನ್ನ ಅಣ್ಣ ಸತ್ತ. ಜೀವ ಇದ್ದಾಗಲೂ ಇವರು ಅವನನ್ನು ಹತ್ತಿಸಿಕೊಳ್ಳಲಿಲ್ಲ. ಅವನ ಹೆಂಡತಿಗೆ ಅನ್ನ ಹಾಕೋಕೆ ಇವರು ಬಂದ್ರಾ? ನಾನು ಹಾಕಿದೆ. ಹೇಳು."

ಪಾಕೂ ಹೇಳಿದಳು. ಒಂದು ಮಾತೂ ಬಿಡಲಿಲ್ಲ. ಅವನು ಬರೆದುಕೊಂಡ. ತಲೆ ಎತ್ತದೆ ಹೇಳಿದ: "ಹಾಗಾದರೆ ಮೊದಲು ಪ್ರಮಾಣ ಮಾಡಿ ಹೇಳಿದ್ದು ಸುಳ್ಳು." ಮತ್ತೆ ಬರೆದ. "ಅಣ್ಣನ ಕಥೆಗೆ ದಾಖಲೆ ಇದೆಯಾ?"

ನಾನು ಮೇಜಿನ ಈಚೆಯಿಂದಲೇ ಟೈ ಹಿಡಿದೆ. ದಿನಕ್ಕೆ ಹತ್ತು ಸಾವಿರ ಕೋಳಿ ಹಿಡಿದ ಕೈ. ಒಂದೇ ಎಳೆತಕ್ಕೆ ಅವನ ಮುಖ ಮೇಜಿಗೆ ಬಂತು. ಮೂಗಿನ ಎಲುಬು ಮುರಿದ ಸದ್ದು ಕೇಳಿಸಿತು. ಎರಡೂ ಕಾಗದಗಳ ಮೇಲೆ ರಕ್ತ ಬಿತ್ತು. ಮತ್ತೆ ಎತ್ತಿದೆ. ಮತ್ತೆ ಕುಟ್ಟಿದೆ. "ಬರ್ಕೋ, ಇದನ್ನೂ ಬರ್ಕೋ" ಎಂದು ನನ್ನ ಭಾಷೆಯಲ್ಲಿ ಕೂಗುತ್ತಿದ್ದೆನಂತೆ. ಕಾವಲಿನವರು ಮೂವರು ಬಂದರು. ಲಾಠಿ ಪಕ್ಕೆಗೆ ಬಿತ್ತು. ಎರಡು ಎಲುಬು ಹೋದವು. ಒಬ್ಬ ನನ್ನ ತಲೆಯನ್ನು ಬೂಟಿನಿಂದ ನೆಲಕ್ಕೆ ಒತ್ತಿ ಹಿಡಿದ. ಪಾಕೂ ಅವನ ಕೈ ಕಚ್ಚಿದಳು. ಅವಳಿಗೂ ಬಿತ್ತು. ಎಡಗಣ್ಣಿನ ಮೇಲೆ ಆ ಗುರುತು ಈಗಲೂ ಇದೆ.

ಐದು ತಿಂಗಳು ಒಳಗಿದ್ದೆ. ಫೆಂಗ್‌ಗೆ ಹದಿನೆಂಟು ತುಂಬಿದ ದಿನ ನಾನು ಸೆರೆಮನೆಯ ಕಕ್ಕಸು ಉಜ್ಜುತ್ತಿದ್ದೆ.

ಹೊರಗೆ ಬಂದಾಗ ಕಚೇರಿಯ ಪತ್ರ ಬಂದಿತ್ತು. ಪಾಕೂ ಓದಿದಳು. ನಾನು ಮೂರು ಸಲ ಓದಿಸಿದೆ. ಹೊಡೆದದ್ದಕ್ಕೆ ಬೇರೆ ಕಾಗದ. ಇದರಲ್ಲಿ ಇದ್ದದ್ದು ಇಷ್ಟು: ಅರ್ಜಿದಾರನು ತನ್ನ ಹೆಂಡಿರ ವಿಷಯದಲ್ಲೂ ಮಗನ ತಾಯಿಯ ವಿಷಯದಲ್ಲೂ ಸುಳ್ಳು ಸಾಕ್ಷ್ಯ ನುಡಿದಿದ್ದಾನೆ. ಅವನ ಯಾವ ಹೇಳಿಕೆಯನ್ನೂ ನಂಬಲಾಗದು. ಅವನಿಗೆ ಸನ್ನಡತೆ ಇಲ್ಲ. ಅರ್ಜಿ ವಜಾ.

ಫೆಂಗ್ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಪೆಟ್ರೋಲು ಬಂಕಿನ ಮುಂದೆ ನಾಲ್ವರು ಬಿಳಿ ಹುಡುಗರು ಅವನ ಕಾರಿಗೆ ಉಗುಳಿದರು. ನಿನ್ನ ದೇಶಕ್ಕೆ ಹೋಗು ಅಂದರು. ಅವನು ಚಕ್ರ ಬಿಚ್ಚುವ ಕಬ್ಬಿಣ ತೆಗೆದು ಒಬ್ಬನ ದವಡೆ ಒಡೆದ. ಆ ಹುಡುಗ ಮೂರು ತಿಂಗಳು ಕೊಳವೆಯಲ್ಲಿ ಉಂಡ. ಅದು ತಪ್ಪು. ತಪ್ಪಲ್ಲ ಎಂದು ನಾನು ಹೇಳುವುದಿಲ್ಲ. ನಾಲ್ಕು ವರ್ಷ ಜೈಲು ಅನುಭವಿಸಿದ. ಈ ಊರಿನಲ್ಲೇ ಅದಕ್ಕಿಂತ ದೊಡ್ಡ ಹೊಡೆತ ಹೊಡೆದವರು ಶಿಕ್ಷೆ ಮುಗಿಸಿ ಮನೆಗೆ ಬಂದು ಅಂಗಳದ ಹುಲ್ಲು ಕತ್ತರಿಸಿಕೊಂಡಿದ್ದಾರೆ. ಫೆಂಗ್‌ಗೆ ಮಾತ್ರ ಇನ್ನೊಂದು ಶಿಕ್ಷೆ ಕಾದಿತ್ತು. ಪೌರನಲ್ಲ, ದೇಶದಿಂದ ಹೊರಗೆ ಹಾಕಿ ಎಂದು ಆಜ್ಞೆಯಾಯಿತು.

ಹಾಕುವುದೆಲ್ಲಿಗೆ? ಹುಟ್ಟಿದ್ದು ಥಾಯ್ ನೆಲದ ಕ್ಯಾಂಪಿನಲ್ಲಿ. ಅವರು ನಮ್ಮವನಲ್ಲ ಅಂದರು. ಲಾವೋಸಿನವರೂ ನಮ್ಮವನಲ್ಲ ಅಂದರು. ಯಾರೂ ಬೇಡವೆಂದ ಮೇಲೆ ಇಲ್ಲೇ ಬಿಟ್ಟರು. ವರ್ಷಕ್ಕೊಮ್ಮೆ ಹೋಗಿ ಸಹಿ ಹಾಕಿ ಬರಬೇಕು. ಹೀಗೆ ಇಪ್ಪತ್ತೆರಡು ವರ್ಷ. ನನ್ನದೇ ಕಾರ್ಖಾನೆಯಲ್ಲಿ, ನನ್ನದೇ ಜಾಗದಲ್ಲಿ ನಿಂತು ಕೋಳಿ ಹಿಡಿದ. ಮದುವೆಯಾದ. ಎರಡು ಹೆಣ್ಣುಮಕ್ಕಳು. ನಡುವೆ ನಮ್ಮಂಥ ಹಳೆಯ ಸಿಪಾಯಿಗಳಿಗೆ ಪರೀಕ್ಷೆ ಸಡಿಲ ಮಾಡಿದರು. ಎಲ್ಲರೂ ಹೋಗಿ ಪೌರರಾದರು. ನಾನು ಹೋಗಲಿಲ್ಲ. ಮಗನಿಗೆ ಸಿಗದ್ದು ನನಗೇಕೆ?

ಹೋದ ಮಾರ್ಚಿನಲ್ಲಿ ಫೆಂಗ್ ಸಹಿ ಹಾಕಲು ಹೋದ. ಕಿರಿಯ ಮಗಳು ಜೊತೆಗಿದ್ದಳು. ವಲಸೆಯ ಪೊಲೀಸರು ನಾಲ್ವರು ಅವನನ್ನು ಗೋಡೆಗೆ ಅಪ್ಪಳಿಸಿ ಕೈ ಹಿಂದಕ್ಕೆ ತಿರುಚಿದರು. ಭುಜ ಕೀಲು ತಪ್ಪಿತು. ನಲವತ್ತೇಳು ವರ್ಷದ ಗಂಡಸು ಮಗಳ ಎದುರು ಕಿರುಚಿದ. ಎಳೆದೊಯ್ದು ಸೆರೆಗೆ ಹಾಕಿದರು. ಹುಡುಗಿ ಇವತ್ತಿಗೂ ಬಾಗಿಲು ತಟ್ಟಿದರೆ ಮಂಚದ ಕೆಳಗೆ ಹೋಗುತ್ತಾಳೆ.

ಎರಡು ತಿಂಗಳು ಕಳೆದು ನಮ್ಮ ಮನೆಗೆ ಒಬ್ಬ ಹೆಂಗಸು ಬಂದಳು. ವಲಸೆಯ ಪೊಲೀಸಿನವಳು. ಬೂಟು ಬಿಚ್ಚಿ ಒಳಗೆ ಬಂದಳು. ಮಾತು ಮೆತ್ತಗಿತ್ತು. ಬಾಗಿಲಲ್ಲಿ ಇನ್ನಿಬ್ಬರು ಬಂದೂಕು ಕಟ್ಟಿಕೊಂಡು ನಿಂತರು. ಪಾಕೂ ಮತ್ತೆ ತರ್ಜುಮೆಗೆ ಕೂತಳು. ಈಗ ಅವಳ ತಲೆಯೂ ನರೆತಿದೆ.

"ಅಪ್ಪ, ಲಾವೋಸಿನವರು ಈಗ ತಗೋತಾರಂತೆ. ಆದ್ರೆ ಫೆಂಗ್ ಹುಟ್ಟಿದ್ದು ಹೊರಗಾದ್ದರಿಂದ ತಾಯಿನೂ ಅವರ ನೆಲದೋಳು ಅಂತ ಗೊತ್ತಾಗಬೇಕಂತೆ. ಇವರ ಹತ್ರ ಇರೋ ಕಾಗದ ಒಂದಕ್ಕೊಂದು ತಾಳೆ ಆಗಲ್ವಂತೆ. ಜೂವಾ ನಿನ್ನ ಹೆಂಡತಿ, ಇಂಥ ಊರೋಳು, ಫೆಂಗ್‌ನ ಹೆತ್ತೋಳು ಅಂತ ನೀನು ಹೇಳಿ ಸಹಿ ಹಾಕಿದ್ರೆ ಸಾಕಂತೆ."

"ಹಾಕಿದ್ರೆ?"

"ಮುಂದಿನ ವಿಮಾನಕ್ಕೆ ಹತ್ತಿಸ್ತಾರೆ."

"ಹಾಕದಿದ್ರೆ?"

"ಒಳಗೇ ಇರ್ತಾನೆ. ಎಷ್ಟು ದಿನ ಅಂತ ಹೇಳಲ್ಲ."

ಹೆಂಗಸು ನನ್ನ ಕಡೆ ಬಾಗಿ ಕೇಳಿದಳು, ನಮ್ಮ ಭಾಷೆಯಲ್ಲಿ ಒಂದು ವಾಕ್ಯ ಕಲಿತು ಬಂದಿದ್ದಳು: "ಅಜ್ಜ, ಜೂವಾ ನಿನಗೇನಾಗಬೇಕು?"

ಅಡುಗೆಮನೆಯಲ್ಲಿ ಬ್ಲಿಯಾ ಸೊಪ್ಪು ಹೆಚ್ಚುವ ಸದ್ದು ನಿಂತಿತು.

"ತಂಗಿ" ಎಂದೆ.

ಪಾಕೂ ನನ್ನನ್ನು ನೋಡಿದಳು. ಹೆಂಗಸು ಫೈಲು ತಿರುವಿದಳು. "ಆದರೆ ಅವತ್ತು ನೀನೇ ಹೆಂಡತಿ ಅಂದಿದ್ದೀಯ. ಇಲ್ಲಿ ಬರೆದಿದೆ."

"ಬರೆದಿದೆ. ಅದರ ಮುಂದೆ ಏನು ಬರೆದಿದೆ, ಓದು."

ಅವಳು ಓದಿಕೊಂಡಳು. ಗಟ್ಟಿಯಾಗಿ ಓದಲಿಲ್ಲ.

"ಸುಳ್ಳು ಸಾಕ್ಷ್ಯ ಅಂತ ಬರೆದಿದೆ" ಎಂದೆ. "ಇವನ ಮಾತು ನಂಬೋ ಹಾಗಿಲ್ಲ ಅಂತ ಬರೆದಿದೆ. ನಿಮ್ಮೋರೇ ಬರೆದು ಮೊಹರು ಹಾಕಿದ್ದು. ಅವತ್ತು ನಾನು ನಿಜ ಹೇಳಿದ್ರೆ ನೀವು ಸುಳ್ಳು ಹೇಳಿದ್ರಿ ಅಂತಾಯ್ತು. ಹಾಗಂತ ಸಹಿ ಹಾಕ್ಕೊಡು. ಆಮೇಲೆ ನಾನು ಹಾಕ್ತೀನಿ."

"ಹಾಗಾದ್ರೆ ಫೆಂಗ್‌ನ ತಾಯಿ ಯಾರು?"

"ಗೊತ್ತಿಲ್ಲ."

"ನೀನು ಅವನ ಅಪ್ಪ. ತಾಯಿ ಯಾರು ಅಂತ ಗೊತ್ತಿಲ್ವಾ?"

"ನನಗೆ ಸನ್ನಡತೆ ಇಲ್ಲಮ್ಮ. ಅದೂ ಬರೆದಿದೆ ನೋಡು."

ಬಾಗಿಲಲ್ಲಿ ನಿಂತವನು ಒಳಗೆ ಬಂದು ಮೇಜಿನ ಮೇಲಿನ ಬಟ್ಟಲನ್ನು ಕೈಯಿಂದ ಸವರಿ ಬೀಳಿಸಿದ. ಮುದುಕ ಆಟ ಆಡ್ತಿದಾನೆ ಅಂದ. ನನ್ನ ಅಂಗಿಯ ಕೊರಳು ಹಿಡಿದು ಎತ್ತಿದ. ನನಗೆ ಎಂಬತ್ತೈದು. ಕಾಲು ನೆಲ ಬಿಟ್ಟಿತು. ಅವನ ಕಣ್ಣನ್ನೇ ನೋಡುತ್ತಿದ್ದೆ. ಹೆಂಗಸು ಬಿಡು ಅಂದಳು. ಬಿಟ್ಟ. ಬಿದ್ದೆ. ಸೊಂಟದ ಹತ್ತಿರ ಏನೋ ಲಟಕ್ ಎಂದಿತು. ಮತ್ತೆ ಬರ್ತೀವಿ ಅಂದಳು ಹೆಂಗಸು. ಹೋಗುವಾಗ ಬೂಟು ಮನೆಯೊಳಗೇ ಹಾಕಿಕೊಂಡಳು.

ಅವರ ಗಾಡಿ ಹೋದ ಮೇಲೆ ಬ್ಲಿಯಾ ಹೊರಗೆ ಬಂದಳು. ನೆಲದಲ್ಲಿ ಬಿದ್ದಿದ್ದವನ ಹತ್ತಿರ ಕೂತಳು. ನನ್ನ ಕೆನ್ನೆಗೆ ಬಾರಿಸಿದಳು. ಎಂಬತ್ತೆರಡರ ಕೈ, ಆದರೂ ಬಾಯಲ್ಲಿ ರಕ್ತ ಬಂತು.

"ನಾನು ಕೈ ಹಿಡಿದು ಕರ್ಕೊಂಡ್ ಬಂದೋಳು ಅವಳು" ಎಂದಳು. "ತಂಗಿ ಅಂದ್ಯಲ್ಲ."

"ಅಂದೆ."

"ಮತ್ತೆ ಬಂದ್ರೆ?"

"ಮತ್ತೂ ಅಂತೀನಿ."

ಅವಳು ಬಿದ್ದಿದ್ದ ಬಟ್ಟಲು ಎತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಸೆರಗಿನಂಥ ತನ್ನ ಸೊಂಟದ ಪಟ್ಟಿಯಿಂದ ನನ್ನ ಬಾಯಿ ಒರೆಸಿದಳು. "ನನ್ನನ್ನ ಕೇಳಿದ್ರೆ ನಾನೂ ಅಂತೀನಿ" ಎಂದಳು.

ನಾಲ್ಕು ದಿನ ಬಿಟ್ಟು ಒಳಗಿನಿಂದ ಫೆಂಗ್ ಫೋನ್ ಮಾಡಿದ. ಅಲ್ಲಿಂದ ಮಾಡುವ ಪ್ರತಿ ಮಾತನ್ನೂ ಅವರು ಕೇಳಿಸಿಕೊಳ್ಳುತ್ತಾರೆ. ಮೊದಲೇ ಯಂತ್ರ ಹಾಗೆಂದು ಹೇಳುತ್ತದೆ. ಅವನ ಮಾತು ತೊದಲುತ್ತಿತ್ತು. ತುಟಿ ಒಡೆದಿದೆ ಅಪ್ಪ, ಬಿದ್ದೆ, ಅಂದ. ಬಿದ್ದದ್ದಲ್ಲ ಎಂದು ಇಬ್ಬರಿಗೂ ಗೊತ್ತು.

"ಅಪ್ಪ, ಲಾವೋಸಿನ ಅಧಿಕಾರಿ ಬಂದಿದ್ದ. ನಾಳೆ ಮತ್ತೆ ಬರ್ತಾನೆ. ನಿನ್ನ ತಾಯಿ ಯಾರು, ಯಾವ ಊರು ಅಂತ ಕೇಳ್ತಾನೆ. ಏನು ಹೇಳಲಿ?"

ಚಿಕ್ಕಂದಿನಲ್ಲಿ ಅವನು ಕೇಳಿದಾಗಲೆಲ್ಲ ಹೇಳಿದ್ದೇನೆ. ಜೂವಾಳ ಊರು, ಅವಳ ಅಪ್ಪನ ಹೆಸರು, ಅವಳ ಬೆನ್ನಿನ ಗುಂಡು, ನೀರಿನಲ್ಲಿ ಅವಳು ಕೂಗದೆ ಇದ್ದದ್ದು, ಎಲ್ಲ. ಅವನಿಗೆ ಬಾಯಿಪಾಠ ಬರುತ್ತದೆ.

"ನನಗೆ ಗೊತ್ತಿಲ್ಲ ಮಗ" ಎಂದೆ.

ಆ ಕಡೆ ಅವನ ಹಿಂದೆ ಯಾರೋ ಬಾಗಿಲು ಜಡಿದರು. ಯಾರೋ ಅವನಿಗೆ ಸಾಕು ಮಾಡು ಎಂದು ಕೂಗಿದರು.

"ಸರಿ ಅಪ್ಪ" ಎಂದ ಫೆಂಗ್. "ನನಗೂ ಗೊತ್ತಿಲ್ಲ."